ಇಂಗ್ಲಿಷಿನ ಮೊದಲ ಪಾಠವೂ ವಿಜಯಪುರದ ಆಡುನುಡಿಯೂ

ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷಿಗೆ ಯಾವ ಸ್ಥಾನವಿರಬೇಕೆಂಬ ವಿಷಯವಾಗಿ ನಮ್ಮ ನಾಡಿನಲ್ಲಿ ನಡೆದಿರುವಷ್ಟು ವಾದವು ಶಿಕ್ಷಣದ ಮತ್ತಾವ ವಿಷಯವಾಗಿಯೂ ನಡೆದಿರಲಾರದು. 1994ರ ಭಾಷಾನೀತಿಯನ್ನು ಕುರಿತೂ, ಅದನ್ನು ಎತ್ತಿಹಿಡಿಯದ 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಕುರಿತೂ ವಿದ್ವಾಂಸರು ಬಹಳ ಬರೆದಿದ್ದಾರೆ. 2007-08ರಲ್ಲಿ ಸರಕಾರಿ ಕನ್ನಡ ಶಾಲೆಗಳ ಒಂದನೆಯ ತರಗತಿಗೆ ಇಂಗ್ಲಿಷು ಬಂದಾಗಲೂ, 2019ರಲ್ಲಿ ಕೆಲವು ಸರಕಾರಿ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮದ ವಿಭಾಗಗಳನ್ನು ತೆರೆದಾಗಲೂ ಆ ಚರ್ಚೆಯು ಮರುಕಳಿಸಿತು. ಆದರೆ ಇವೆಲ್ಲವುಗಳಲ್ಲಿ ಕೇಳಿದ ಪ್ರಶ್ನೆಗಳು ಎರಡೇ: ಇಂಗ್ಲಿಷು ಎಂದಿನಿಂದ? ಯಾವ ಮಾಧ್ಯಮದಲ್ಲಿ? ತಿಕೋಟಾದ ಆರು ವರ್ಷದ ಹುಡುಗನು ಇಂಗ್ಲಿಷಿನ ಮೊದಲನೆಯ ಶಬ್ದವನ್ನು ಹೇಗೆ ಓದುವನೆಂಬ ಮೂರನೆಯ ಪ್ರಶ್ನೆಯನ್ನು, ಅದು ಶಾಲಾಮಾಸ್ತರರ ಪಾಲಿನದೆಂದು ತಿಳಿದೋ ಏನೋ, ಪಂಡಿತರು ಕೈಬಿಟ್ಟಿದ್ದಾರೆ. ಈ ಲೇಖನದಲ್ಲಿ ಆ ಪ್ರಶ್ನೆಯನ್ನೇ ಪರಾಮರ್ಶಿಸಬೇಕೆಂದಿದ್ದೇವೆ.

ಕನ್ನಡ ಲಿಪಿಯಲ್ಲಿ ಅಕ್ಷರದ ಹೆಸರೂ ಅದರ ಧ್ವನಿಯೂ ಒಂದೇ. ‘ಕ’ ಎಂಬ ಅಕ್ಷರಕ್ಕೆ ‘ಕ’ ಎಂದೇ ಹೆಸರು. ‘ಮ’, ‘ರ’ ಎಂಬ ಎರಡನ್ನು ಕಲಿತ ಮಗುವು ‘ಮರ’ವನ್ನು ಯಾರ ಸಹಾಯವೂ ಇಲ್ಲದೆ ಓದಬಲ್ಲದು. ಈ ಅಭ್ಯಾಸದಿಂದ ಬಂದ ಮಗುವಿನ ಮುಂದೆ ನಾವು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಹೆಸರುಗಳನ್ನಿಟ್ಟು, ಅವು ಬಾಯಿಪಾಠವಾದ ಮೇಲೆ ‘ಸೀ, ಏ, ಟೀ’ ಎಂದು ಹೇಳಿಸಿ, ಒಡನೆಯೇ ‘ಕ್ಯಾಟ್’ ಎನ್ನುತ್ತೇವೆ. ‘ಸೀ ಏ ಟೀ’ಯನ್ನು ಎಷ್ಟು ಬೇಗನೆ ಕೂಡಿಸಿ ಹೇಳಿದರೂ ‘ಕ್ಯಾಟ್’ ಹುಟ್ಟುವುದಿಲ್ಲ. ಹುಟ್ಟಿದರೆ ‘ಸಿಯೇಟಿ’ ಎಂಬ ವಿಚಿತ್ರ ಪ್ರಾಣಿಯು ಹುಟ್ಟೀತು. ತನ್ನ ಲಿಪಿಯ ನ್ಯಾಯವನ್ನು ನಂಬಿದ ಮಗುವು ಇಲ್ಲಿ ಮೊದಲನೆಯ ಸಲ ಮೋಸಹೋಗುತ್ತದೆ. ಆಮೇಲೆ ಅದು ಓದುವುದನ್ನು ಬಿಟ್ಟು ಜ್ಞಾಪಕವನ್ನು ಆಶ್ರಯಿಸುತ್ತದೆ. ಪುಸ್ತಕದ ಚಿತ್ರವನ್ನು ನೋಡಿ ಪಾಠವನ್ನು ಒಪ್ಪಿಸುವ ಹುಡುಗನು ಚಿತ್ರವನ್ನು ಕೈಯಿಂದ ಮುಚ್ಚಿದೊಡನೆ ಮೂಕನಾಗುವುದನ್ನು ಪ್ರಾಥಮಿಕ ಶಿಕ್ಷಕರಲ್ಲಿ ಕಾಣದವರು ವಿರಳ.

ಇಂಗ್ಲಿಷಿನ ಬರವಣಿಗೆಯು ಸ್ವಭಾವತಃ ಕುಟಿಲವಾದುದೆಂಬುದೇನೋ ನಿಜ. ‘ಕ್ಯಾಟ್’, ‘ಕೇಕ್’, ‘ಕಾರ್’, ‘ಬಾಲ್’ ಎಂಬ ನಾಲ್ಕು ಶಬ್ದಗಳಲ್ಲಿ ಒಂದೇ ಅಕ್ಷರವು ನಾಲ್ಕು ಬೇರೆ ಸ್ವರಗಳಿಗೆ ನಿಂತಿದೆ. ಶಿಷ್ಟ ಬ್ರಿಟಿಷ್ ಉಚ್ಚಾರದ ಸುಮಾರು ನಲವತ್ತನಾಲ್ಕು ಧ್ವನಿಗಳನ್ನು ಇಪ್ಪತ್ತಾರು ಅಕ್ಷರಗಳಲ್ಲಿ ತುಂಬಿದರೆ ಬೇರೆ ಗತಿಯಿಲ್ಲ. ಆದರೆ ಭಾಷೆಯು ಕುಟಿಲವಾಗಿದೆಯೆಂದು ಬೋಧನೆಯೂ ಕುಟಿಲವಾಗಬೇಕಾದುದಿಲ್ಲ. ಅಕ್ಷರದ ಹೆಸರಿಗಿಂತ ಮೊದಲು ಅದರ ಧ್ವನಿಯನ್ನು ಹೇಳಿಕೊಡುವ ಕ್ರಮವು ಹೊಸದೇನಲ್ಲ. ಕನ್ನಡದ ಮಗುವಿಗಂತೂ ಅದು ತನ್ನ ಲಿಪಿಯದೇ ಕ್ರಮವಾಗಿರುತ್ತದೆ.

ಇಲ್ಲಿ ವಿಜಯಪುರ ಸೀಮೆಯ ಆಡುನುಡಿಯ ಒಂದು ವಿಶೇಷವನ್ನು ವಾಚಕರ ಗಮನಕ್ಕೆ ತರಬೇಕು. ‘ಬ್ಯಾಟ್’, ‘ಮ್ಯಾಪ್’ ಮೊದಲಾದ ಶಬ್ದಗಳಲ್ಲಿರುವ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲವೆಂದೂ, ಆದುದರಿಂದ ನಮ್ಮ ಮಕ್ಕಳಿಗೆ ಅದು ಕಷ್ಟವೆಂದೂ ಹೇಳುವುದುಂಟು. ಅಕ್ಷರವಿಲ್ಲವೆಂಬುದು ಸರಿ, ಸ್ವರವಿಲ್ಲವೆಂಬುದು ತಪ್ಪು. ಬಬಲೇಶ್ವರದ ಹುಡುಗನು ಮನೆಯಲ್ಲಿ ‘ಬೇಡ’ ಎನ್ನುವುದಿಲ್ಲ, ‘ಬ್ಯಾಡ’ ಎನ್ನುತ್ತಾನೆ. ‘ಮೇಲೆ’ ಎನ್ನುವಲ್ಲಿ ‘ಮ್ಯಾಲ’, ‘ಪೇಟೆ’ಗೆ ‘ಪ್ಯಾಟಿ’. ಇಲ್ಲಿ ನಾವು ಯಕಾರದ ಒತ್ತನ್ನು ಬರೆಯುತ್ತೇವಾದರೂ ನುಡಿಯುವಲ್ಲಿ ಯಕಾರವು ಅಷ್ಟಾಗಿ ಕೇಳುವುದಿಲ್ಲ. ಕೇಳುವುದು ಆ ಇಂಗ್ಲಿಷು ಸ್ವರವೇ, ಕೊಂಚ ದೀರ್ಘವಾಗಿ ಮಾತ್ರ. ಹಾಗೆಯೇ ‘ತೋಟ’ವು ‘ತ್ವಾಟ’ವಾಗುವಲ್ಲಿ ‘ಬಾಲ್’ ಎಂಬುದರ ಸ್ವರಕ್ಕೆ ಸಮೀಪವಾದ ಧ್ವನಿಯಿದೆ. ಆದರೆ ಕನ್ನಡದ ವೇಳೆಯಲ್ಲಿ ಗುರುಗಳು ‘ಬ್ಯಾಡ ಅನ್ನಬಾರದು, ಬೇಡ ಅನ್ನು’ ಎಂದು ತಿದ್ದಿ, ಇಂಗ್ಲಿಷಿನ ವೇಳೆಯಲ್ಲಿ ಅದೇ ಸ್ವರವನ್ನು ಪರದೇಶದ ಸಾಮಾನಿನಂತೆ ಹೊರಗಿನಿಂದ ತಂದುಕೊಡಲು ಶ್ರಮಪಡುತ್ತಾರೆ. ಗ್ರಂಥಸ್ಥ ಭಾಷೆಯನ್ನು ಕಲಿಸಬಾರದೆಂದು ನಾವು ಹೇಳುತ್ತಿಲ್ಲ. ಮಗುವಿನ ಬಾಯಲ್ಲಿರುವುದನ್ನು ಗ್ರಾಮ್ಯವೆಂದು ನಾಚಿಸಿ ಮುಚ್ಚಿಸಿದರೆ ಇಂಗ್ಲಿಷಿಗೂ ಹಾನಿಯುಂಟೆಂಬುದು ನಮ್ಮ ಅಭಿಪ್ರಾಯ.

ಶಬ್ದಗಳ ವಿಷಯದಲ್ಲಿಯೂ ಇದೇ ಮಾತು. ತಿಕೋಟಾ ಭಾಗವು ದ್ರಾಕ್ಷಿಯ ಸೀಮೆ. ಅಲ್ಲಿಯ ಮಗುವು ಶಾಲೆಗೆ ಬರುವ ಮೊದಲೇ ಬೋರು, ಪಂಪು, ಪೈಪು, ಡ್ರಿಪ್ಪು, ಲೈಟು, ಬಿಲ್ಲು, ಬಸ್ಸು ಎಂದು ಹತ್ತಾರು ಇಂಗ್ಲಿಷು ಶಬ್ದಗಳನ್ನು ಅರ್ಥಸಹಿತವಾಗಿ ಬಲ್ಲದು. ಕೊನೆಯ ಉಕಾರವನ್ನು ತೆಗೆದರೆ ಅವುಗಳಲ್ಲಿ ಬಹುಮಟ್ಟಿನವು ಧ್ವನಿಗೆ ಸರಿಯಾಗಿ ಬರೆಯಲ್ಪಡುವ ಸರಳ ಶಬ್ದಗಳೇ. ಓದಿನ ಮೊದಲ ಪಾಠಕ್ಕೆ ಇವುಗಳಿಗಿಂತ ಉಚಿತವಾದ ಸಾಮಗ್ರಿಯು ಯಾವುದು? ಇಡೀ ರಾಜ್ಯಕ್ಕೆ ಒಂದೇ ಆಗಿರುವ ಪಠ್ಯಪುಸ್ತಕವು ಇದನ್ನು ಮಾಡಲಾರದು; ತರಗತಿಯ ಶಿಕ್ಷಕನು ಮಾಡಬಲ್ಲನು.

ವಾಕ್ಯದ ತೊಡಕು ಬೇರೆ ಬಗೆಯದು. ‘ಮನ್ಯಾಗ’ ಎಂಬ ಒಂದೇ ಪದವು ಇಂಗ್ಲಿಷಿನಲ್ಲಿ ‘ಇನ್ ದ ಹೌಸ್’ ಎಂದು ಮೂರಾಗುತ್ತದೆ. ನಮ್ಮಲ್ಲಿ ಹಿಂದೆ ಬರುವ ಪ್ರತ್ಯಯವು ಅಲ್ಲಿ ಮುಂದೆ ಬರುತ್ತದೆ. ‘ದ’ ಎಂಬುದಕ್ಕಂತೂ ನಮ್ಮಲ್ಲಿ ಸಮಾನವಾದುದೇ ಇಲ್ಲ. ಪದಕ್ಕೆ ಪದವನ್ನಿಟ್ಟು ಅರ್ಥ ಹೇಳಿಸುವ ಪದ್ಧತಿಯು ಇಲ್ಲಿ ಮುರಿದುಬೀಳುತ್ತದೆ.

ಮೊದಲು ಓದೋ, ಮೊದಲು ಮಾತೋ ಎಂಬ ವಿವಾದವು ಹಳೆಯದು. ಮೈಕೇಲ್ ವೆಸ್ಟನು 1926ರಲ್ಲಿ ಪ್ರಕಟಿಸಿದ ದ್ವಿಭಾಷಿಕತ್ವದ ಗ್ರಂಥದಲ್ಲಿ ಬಂಗಾಳದ ಮಕ್ಕಳಿಗೆ ಓದೇ ಮೊದಲು ಬೇಕೆಂದನು. 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಪಟ್ಟಣಗಳ ಶಾಲೆಗಳಲ್ಲಿ ಪ್ರಯೋಗ ನಡೆಸಿದ ಎನ್. ಎಸ್. ಪ್ರಭು ಅವರು, ಮಕ್ಕಳ ಮನಸ್ಸು ಅರ್ಥದಲ್ಲಿ ತೊಡಗಿರುವಾಗ ಭಾಷೆಯು ತಾನಾಗಿ ಬರುವುದೆಂದು, ಬಿಡಿಸಬೇಕಾದ ಸಮಸ್ಯೆಗಳನ್ನು ತರಗತಿಯಲ್ಲಿ ಒಡ್ಡಿದರು. ಪ್ರಭು ಅವರ ತತ್ತ್ವವು ನಮಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಆದರೆ ಅದನ್ನು ನಡೆಸಲು ಇಂಗ್ಲಿಷಿನಲ್ಲಿ ಸರಾಗವಾಗಿ ಮಾತಾಡಬಲ್ಲ ಶಿಕ್ಷಕನು ಬೇಕು. ಅಂಥವನಿಲ್ಲದ ಹಳ್ಳಿಯ ಶಾಲೆಯಲ್ಲಿ ವೆಸ್ಟನ ಮಾತನ್ನು ಒಮ್ಮೆಗೇ ತಳ್ಳಿಹಾಕುವಂತಿಲ್ಲ.

ತಮ್ಮ ಮಕ್ಕಳಿಗೆ ಇಂಗ್ಲಿಷು ಬೇಕೆನ್ನುವ ತಾಯ್ತಂದೆಗಳನ್ನು ನಾವು ಜರೆಯಲಾರೆವು. ಕನ್ನಡದ ಪರವಾಗಿ ಬರೆಯುವ ನಮ್ಮಲ್ಲಿ ಎಷ್ಟು ಜನರ ಮಕ್ಕಳು ಸರಕಾರಿ ಕನ್ನಡ ಶಾಲೆಯಲ್ಲಿ ಓದಿದ್ದಾರೆಂಬುದನ್ನು ಕೇಳಿಕೊಂಡರೆ ಜರೆಯುವ ಧ್ವನಿಯು ತಾನಾಗಿ ತಗ್ಗೀತು. ಮುಂಬಯಿ ಕರ್ನಾಟಕದ ಶಾಲೆಗಳಲ್ಲಿ ಮರಾಠಿಯು ಮೆರೆಯುತ್ತಿದ್ದ ಕಾಲದಲ್ಲಿ ಕನ್ನಡವನ್ನು ನಿಲ್ಲಿಸಿದ ಡೆಪ್ಯುಟಿ ಚನ್ನಬಸಪ್ಪನವರು ಇಂಗ್ಲಿಷಿನ ದ್ವೇಷಿಗಳಾಗಿರಲಿಲ್ಲ. ಷೇಕ್ಸ್‌ಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದವರು ಅವರೇ. ಅವರು ಕನ್ನಡ ಶಾಲೆಗಳನ್ನು ಬೆಳೆಸಿದರು, ಶಿಕ್ಷಕರನ್ನು ತರಬೇತುಗೊಳಿಸಿದರು. ಈಗಿನ ಇಂಗ್ಲಿಷಿನ ವಿಷಯದಲ್ಲಿ ಆಜ್ಞೆಯು ಮುಂದೆ ಹೋಗಿ, ಶಿಕ್ಷಕನ ಸಿದ್ಧತೆಯು ಹಿಂದೆ ಉಳಿದಿದೆ.

ಇನ್ನು ಪರೀಕ್ಷೆಯ ಮಾತು. ‘ಪ್ರಥಮ್’ ಸಂಸ್ಥೆಯ ‘ಅಸರ್’ ಸಮೀಕ್ಷೆಯು ಇಂಗ್ಲಿಷನ್ನು ಅಳೆದಾಗ ದೊಡ್ಡಕ್ಷರ, ಚಿಕ್ಕಕ್ಷರ, ಶಬ್ದ, ವಾಕ್ಯವೆಂದು ಮೆಟ್ಟಿಲುಗಳನ್ನಿಟ್ಟು, ಓದಿದ ಮಗುವನ್ನು ಅದರ ಅರ್ಥವೇನೆಂದೂ ಕೇಳುತ್ತದೆ. ಓದನ್ನೂ ಅರ್ಥವನ್ನೂ ಹೀಗೆ ಬೇರ್ಪಡಿಸಿದುದು ಶ್ಲಾಘ್ಯವೇ. ನಮ್ಮ ಶಾಲೆಗಳೊಳಗಿನ ಪರೀಕ್ಷೆಗಳು ಬಹುಮಟ್ಟಿಗೆ ಅಷ್ಟನ್ನೂ ಮಾಡವು. ನಕಲು ಮಾಡಿದ ದುಂಡಕ್ಷರಕ್ಕೇ ಗುಣಗಳು ಸಲ್ಲುತ್ತವೆ. ಆದರೆ ಅರ್ಥವನ್ನು ಯಾವ ಭಾಷೆಯಲ್ಲಿ ಹೇಳಿಸಬೇಕು? ಈ ಜಿಲ್ಲೆಯ ತಾಂಡಾಗಳಲ್ಲಿ ಮಗುವಿನ ಮನೆಮಾತು ಲಂಬಾಣಿ. ವಿಜಯಪುರ ನಗರದ ಅನೇಕ ಓಣಿಗಳಲ್ಲಿ ದಖನಿ. ಗಡಿಯ ಕಡೆಗೆ ಮರಾಠಿ. ಈ ಮಕ್ಕಳಿಗೆ ಕನ್ನಡವೇ ಎರಡನೆಯ ಭಾಷೆ. ಮಾತೃಭಾಷೆಯೆಂದು ನಾವು ಬರೆಯುವಾಗ ಇವರನ್ನು ಎಣಿಕೆಗೆ ತಂದುಕೊಂಡಿರುವುದಿಲ್ಲ. ‘ವಾಟರ್’ ಎಂದು ಓದಿ, ಅರ್ಥ ಕೇಳಿದಾಗ ‘ಪಾಣಿ’ ಎಂದ ತಾಂಡಾದ ಹುಡುಗಿಯ ಉತ್ತರವನ್ನು ತಪ್ಪೆಂದು ಗುರುತು ಹಾಕುವ ಪರೀಕ್ಷಕನು ಅಳೆಯುತ್ತಿರುವುದು ಅವಳ ಇಂಗ್ಲಿಷನ್ನಲ್ಲ.