ಮನದ ಅಳುಕು ಮತ್ತು ಪ್ರಾರ್ಥನೆ: ತತ್ವಪದಗಳ ಒಂದು ವಿವೇಚನೆ

ಕನ್ನಡದ ಅನುಭಾವ ಸಾಹಿತ್ಯದಲ್ಲಿ ದೇವರಷ್ಟೇ ಮುಖ್ಯವಾದ ಇನ್ನೊಬ್ಬ ಕೇಳುಗನಿದ್ದಾನೆ; ಅದು ಮನಸ್ಸು. ವಚನಕಾರರು ಅದನ್ನು ಗದರಿಸುತ್ತಾರೆ, ಹರಿದಾಸರು ಅದಕ್ಕೆ ಬುದ್ಧಿ ಹೇಳುತ್ತಾರೆ, ತತ್ವಪದಕಾರರು ಅದರೊಡನೆ ವಾದಕ್ಕಿಳಿಯುತ್ತಾರೆ. ಅಂಜಿಕೆ, ಸಂಶಯ, ಹತಾಶೆ, ತನ್ನಿಂದೇನೂ ಆಗದೆಂಬ ಕೀಳರಿಮೆ ಇವುಗಳನ್ನು ಪ್ರಾರ್ಥನೆ ಮತ್ತು ಏಕನಿಷ್ಠೆಯಿಂದ ದಾಟಬಹುದೆಂಬ ನಂಬಿಕೆ ಈ ಮೂರು ಪರಂಪರೆಗಳಲ್ಲೂ ಇದೆ. ಆ ದಾಟುವಿಕೆಯ ಸ್ವರೂಪವೇನು ಎಂಬುದು ಇಲ್ಲಿಯ ಪ್ರಶ್ನೆ. ತತ್ವಪದಗಳನ್ನು ಧೈರ್ಯ ತುಂಬುವ ಹಾಡುಗಳೆಂದು ಕರೆದು ಮುಂದೆ ಸಾಗುವುದು ವಾಡಿಕೆಯಾಗಿದೆ. ಪದಗಳ ರಚನೆಯನ್ನೂ ಅವು ಹಾಡಿಕೆಗೊಳ್ಳುವ ಸಂದರ್ಭವನ್ನೂ ಕೂಡಿಸಿ ನೋಡಿದಾಗ ಬೇರೊಂದು ಚಿತ್ರ ದೊರೆಯುತ್ತದೆ.

ಮೊದಲಿಗೆ ನೆಲದ ಮಾತು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳು ತೊಗರಿಯ ಸೀಮೆ. ಮಳೆಯನ್ನೇ ನೆಚ್ಚಿದ ಒಕ್ಕಲುತನ ಇಲ್ಲಿನದು. ಶಹಾಬಾದದ ಕಲ್ಲಿನ ಗಣಿಗಳು, ವಾಡಿಯ ಸಿಮೆಂಟು ಕಾರ್ಖಾನೆ ಕೆಲವರಿಗೆ ಕೂಲಿ ಕೊಟ್ಟಿವೆ. 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಈ ಭಾಗ 1956ರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಬರ, ಸಾಲ, ಗುಳೆ ಇಲ್ಲಿನ ಬದುಕಿಗೆ ಹೊಸವಲ್ಲ. ಆದ್ದರಿಂದ ಹತಾಶೆ ಇಲ್ಲಿ ಒಬ್ಬೊಬ್ಬರ ಒಳಗಿನ ವ್ಯಾಧಿ ಮಾತ್ರವಾಗಿರದೆ ಊರಿನ ಸಮಾನ ಅನುಭವವೂ ಆಗಿದೆ. ಹಗಲು ದುಡಿದವರು ರಾತ್ರಿ ಏಕತಾರಿ, ದಮ್ಮಡಿ, ತಾಳಗಳೊಡನೆ ಕುಳಿತು ಹಾಡುವ ಭಜನೆಗೆ ಈ ಹಿನ್ನೆಲೆಯುಂಟು.

ಈ ಹಾಡಿಕೆಯ ಒಂದು ದೊಡ್ಡ ಸೆಲೆ ಇಂದಿನ ಯಡ್ರಾಮಿ ತಾಲೂಕಿನ ಕಡಕೋಳದಲ್ಲಿದೆ. 18–19ನೆಯ ಶತಮಾನಗಳ ಸಂಧಿಕಾಲದಲ್ಲಿ ಬಾಳಿದ ಕಡಕೋಳದ ಮಡಿವಾಳಪ್ಪನವರು ತಮ್ಮ ಗುರು ಮಹಾಂತರ ಹೆಸರನ್ನೇ ಅಂಕಿತವಾಗಿಸಿಕೊಂಡು ಪದಗಳನ್ನು ಕಟ್ಟಿದರು. ಅವರ ಶಿಷ್ಯಪರಂಪರೆಯಲ್ಲಿ ಚನ್ನೂರಿನ ಜಲಾಲಸಾಹೇಬರೂ ಖೈನೂರಿನ ಕೃಷ್ಣಪ್ಪನವರೂ ಇದ್ದುದು, ಜಾತಿಮತಗಳ ಗೆರೆಯನ್ನು ಈ ಪರಂಪರೆ ಹೇಗೆ ದಾಟಿತೆಂಬುದಕ್ಕೆ ಸಾಕ್ಷಿಯಾಗಿದೆ.

ತತ್ವಪದದ ರಚನೆಯಲ್ಲಿ ಪಲ್ಲವಿ, ನುಡಿ, ಅಂಕಿತ ಎಂಬ ಮೂರು ಅಂಗಗಳನ್ನು ಗಮನಿಸಬೇಕು. ಪಲ್ಲವಿಯಲ್ಲಿ ಅನೇಕ ವೇಳೆ ಒಂದು ದೂರು, ಒಂದು ಪ್ರಶ್ನೆ ಅಥವಾ ಮನಸ್ಸಿಗೆ ಹಾಕಿದ ಛೀಮಾರಿ ಇರುತ್ತದೆ. ನುಡಿಗಳು ಅದನ್ನು ಬೆಳೆಸುತ್ತವೆ. ಪ್ರತಿ ನುಡಿಯ ಬಳಿಕ ಮೇಳವೆಲ್ಲ ಪಲ್ಲವಿಗೆ ಮರಳುತ್ತದೆ. ಒಬ್ಬನ ಅಳುಕು ಹೀಗೆ ಹತ್ತು ಕೊರಳುಗಳ ಮಾತಾಗುತ್ತದೆ. ಕೊನೆಯಲ್ಲಿ ಅಂಕಿತ ಬಂದಾಗ ಆ ದೂರು ಗುರುವಿನ ಹೆಸರಿಗೆ ಒಪ್ಪಿತವಾಗುತ್ತದೆ. ಇಲ್ಲಿ ನಕಾರಾತ್ಮಕ ಭಾವವನ್ನು ಅದುಮುವ ಯತ್ನವಿಲ್ಲ. ಅದಕ್ಕೆ ಬಾಯಿ ಕೊಡಲಾಗುತ್ತದೆ, ಜೊತೆ ಕೊಡಲಾಗುತ್ತದೆ, ಕಡೆಗೆ ಇಳಿಸಲು ಒಂದು ತಾಣವನ್ನು ತೋರಲಾಗುತ್ತದೆ.

ಈ ಕ್ರಮ ಕಲಬುರಗಿ ಸೀಮೆಗೆ ಮಾತ್ರ ಸೀಮಿತವಲ್ಲ. ಶಿಶುನಾಳ ಶರೀಫರ (1819–1889) ಹೆಸರಾಂತ ಪದವೊಂದು ಮಳೆಗೆ ಸೋರುವ ಮಾಳಿಗೆಯನ್ನು ಅಜ್ಞಾನದ ರೂಪಕವಾಗಿಸುತ್ತದೆ. ಅಲ್ಲಿನ ನಿರೂಪಕ ವೀರನಲ್ಲ. ಮೇಲೇರಿ ಸರಿಪಡಿಸಲು ತನ್ನಿಂದಾಗದೆಂದು ಒಪ್ಪಿಕೊಳ್ಳುವವನು. ಪದದ ಬಲವಿರುವುದು ಈ ಒಪ್ಪಿಗೆಯಲ್ಲಿ. ಇನ್ನೂ ಹಿಂದಕ್ಕೆ ಹೋದರೆ, ನೆರೆಯ ಬೀದರ ಜಿಲ್ಲೆಯ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿದ್ದ ಬಸವಣ್ಣನವರು ತಮ್ಮ ಕಾಲು, ಕಣ್ಣು, ಕಿವಿಗಳ ಸ್ವೇಚ್ಛೆಯನ್ನೇ ಹಿಂತೆಗೆದುಕೊಳ್ಳೆಂದು ಕೂಡಲಸಂಗಮನನ್ನು ಬೇಡುತ್ತಾರೆ. ಸುಖವನ್ನು ಕೇಳದೆ ಚದುರುವಿಕೆಯ ನಿಲುಗಡೆಯನ್ನು ಕೇಳುವ ಪ್ರಾರ್ಥನೆ ಅದು. ಷಟ್ಸ್ಥಲದ ಭಾಷೆಯಲ್ಲಿ ಇದನ್ನು ಶ್ರದ್ಧೆಯಿಂದ ನಿಷ್ಠೆಯೆಡೆಗಿನ ನಡೆ ಎನ್ನಬಹುದು. ಭಕ್ತಸ್ಥಲದ ಶ್ರದ್ಧೆಗೆ ಸಂಶಯದ ಕಾಟ ತಪ್ಪಿದ್ದಲ್ಲ. ಮಾಹೇಶ್ವರಸ್ಥಲದ ನಿಷ್ಠೆ ಆ ಕಾಟವನ್ನು ಹಾಯ್ದು ಬಂದದ್ದು. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ ಖಾಜಾ ಬಂದೇನವಾಜರ ಸೂಫಿ ಮಾರ್ಗದಲ್ಲಿ ದೇವನಾಮವನ್ನು ಮರಳಿ ಮರಳಿ ನೆನೆಯುವ ಜಿಕ್ರ್ ಇದೆ. ಅಲ್ಲಿಯೂ ಆವರ್ತನೆಯೇ ಏಕಾಗ್ರತೆಯ ದಾರಿ. ಭಜನೆಯ ಪಲ್ಲವಿಗೂ ಜಿಕ್ರ್‌ಗೂ ಇರುವ ಈ ಸಾಮ್ಯ ಒಂದೇ ನೆಲದಲ್ಲಿ ಬಾಳಿದ ಸಾಧಕರಿಗೆ ಅಪರಿಚಿತವಾಗಿರಲಾರದು.

ಇಲ್ಲೊಂದು ಆಕ್ಷೇಪವನ್ನು ಎದುರಿಸಲೇಬೇಕು. ಬೆಳೆ ಹೋದವನಿಗೆ, ಜಾತಿಯ ಅವಮಾನ ಉಂಡವನಿಗೆ ಮನಸ್ಸನ್ನು ತಿದ್ದಿಕೋ ಎಂದು ಹಾಡುವುದು ಅನ್ಯಾಯದ ಹೊಣೆಯನ್ನು ನೊಂದವನ ಮೇಲೆಯೇ ಹೊರಿಸಿದಂತಲ್ಲವೇ? ಪದಗಳನ್ನು ಬಿಡಿಬಿಡಿಯಾಗಿ, ಉಪದೇಶದ ತುಣುಕುಗಳಾಗಿ ಓದಿದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಆದರೆ ಮಡಿವಾಳಪ್ಪನವರಲ್ಲಿ ಮನಸ್ಸನ್ನು ಗದರಿಸುವ ನಾಲಗೆಯೇ ಡಾಂಭಿಕ ಗುರುಗಳನ್ನೂ ಕುಲದ ಸೊಕ್ಕನ್ನೂ ಗದರಿಸುತ್ತದೆ. ಗುರುವಿಗೆ ಸಂಪೂರ್ಣ ಒಪ್ಪಿಸಿಕೊಂಡವನಿಗೆ ಉಳಿದ ಯಾವ ಒಡೆಯನ ಅಂಜಿಕೆಯೂ ಇರುವುದಿಲ್ಲ. ಶರಣಾಗತಿ ಮತ್ತು ಪ್ರತಿಭಟನೆ ಇಲ್ಲಿ ಒಂದೇ ನಿಷ್ಠೆಯ ಎರಡು ಮುಖಗಳು. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕೈಬಿಡುವ ಓದು ಪದಕ್ಕೆ ಎಸಗುವ ಅಪಚಾರವೇ ಸರಿ.

ಹಾಗೆಂದು ಪದಕ್ಕೆ ಇಲ್ಲದ ಶಕ್ತಿಯನ್ನು ಆರೋಪಿಸಬೇಕಿಲ್ಲ. ಖಿನ್ನತೆ ಕಾಯಿಲೆಯಾಗಿ ಹಿಡಿದಾಗ ವೈದ್ಯನ ನೆರವು ಬೇಕು. ಸಾಲಕ್ಕೆ ಪರಿಹಾರವನ್ನು ಆಡಳಿತ ನೀಡಬೇಕು. ಭಜನೆ ಇವೆರಡರ ಬದಲಿಯಾಗಲಾರದು. ಅದು ಮಾಡುವ ಕೆಲಸ ಬೇರೆ: ನೊಂದವನನ್ನು ಅವನ ಏಕಾಂತದಿಂದ ಎಬ್ಬಿಸಿ ಮೇಳದ ನಡುವೆ ಕೂರಿಸುವುದು, ಅವನ ಅಳುಕಿಗೆ ನಾಚಿಕೆಯಿಲ್ಲದ ಮಾತನ್ನು ಒದಗಿಸುವುದು.

ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರವು ತತ್ವಪದಗಳ ಸಂಪುಟಗಳನ್ನು ಹೊರತಂದ ಮೇಲೆ ಪಠ್ಯದ ಕೊರತೆ ಬಹುಮಟ್ಟಿಗೆ ನೀಗಿದೆ. ಆದರೆ ಮುದ್ರಿತ ಪುಟದಲ್ಲಿ ಪಲ್ಲವಿ ಒಮ್ಮೆ ಮಾತ್ರ ಕಾಣುತ್ತದೆ; ಹಾಡಿಕೆಯಲ್ಲಿ ಅದು ಪ್ರತಿ ನುಡಿಗೂ ಮರಳಿ ಬರುತ್ತದೆ. ಹತಾಶೆಯನ್ನು ದಾಟುವ ಕ್ರಿಯೆ ನಡೆಯುವುದು ಆ ಮರಳುವಿಕೆಯಲ್ಲಿ. ಸೇಡಂ, ಚಿಂಚೋಳಿಗಳಂಥ ಸೀಮೆಗಳ ಭಜನಾ ಮೇಳಗಳು ಹಾಡುವ ಬಗೆಯನ್ನೂ ಪಠ್ಯದಷ್ಟೇ ಆಸ್ಥೆಯಿಂದ ದಾಖಲಿಸಿದಾಗ ಈ ಸಾಹಿತ್ಯದ ಅಧ್ಯಯನ ಪೂರ್ಣವಾದೀತು.