ಐನ್ ರ‍್ಯಾಂಡ್ ಕಾದಂಬರಿಗಳನ್ನು ಓದುವ ಬಗೆ

ಒಂದು ತತ್ತ್ವವನ್ನು ಬಾಯಿಮಾತಿನಲ್ಲಿ ಸಾರದೆ, ಪಾತ್ರಗಳು ಮಾಡುವ ಆಯ್ಕೆಗಳಲ್ಲಿಯೂ ಆ ಆಯ್ಕೆಗಳಿಗಾಗಿ ಅವು ತೆರುವ ಬೆಲೆಯಲ್ಲಿಯೂ ಒರೆಗೆ ಹಚ್ಚುವ ಕಥನವನ್ನು ವೈಚಾರಿಕ ಕಾದಂಬರಿ ಎನ್ನುತ್ತಾರೆ. ಈ ಪ್ರಕಾರವನ್ನು ವ್ಯಕ್ತಿವಾದದ, ಅಂದರೆ ಸಮೂಹಕ್ಕಿಂತ ವ್ಯಕ್ತಿಯ ಬುದ್ಧಿ ಮತ್ತು ಹಕ್ಕುಗಳೇ ಮೂಲಭೂತವೆಂಬ ನಿಲುವಿನ, ಪ್ರತಿಪಾದನೆಗೆ ಮುಡಿಪಾಗಿಟ್ಟವರಲ್ಲಿ ಐನ್ ರ‍್ಯಾಂಡ್ ಪ್ರಮುಖರು. 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಅವರು, ತಂದೆಯ ಔಷಧದಂಗಡಿಯನ್ನು ಬೋಲ್ಶೆವಿಕ್ ಆಡಳಿತ ವಶಪಡಿಸಿಕೊಂಡದ್ದನ್ನು ಕಂಡು, 1926ರಲ್ಲಿ ಅಮೆರಿಕಕ್ಕೆ ವಲಸೆ ಹೋದರು.

ಅವರ ದರ್ಶನಕ್ಕೆ ಆಬ್ಜೆಕ್ಟಿವಿಸಂ, ಎಂದರೆ ವಸ್ತುನಿಷ್ಠತಾವಾದ, ಎಂದು ಹೆಸರು. ಜಗತ್ತು ಮನುಷ್ಯನ ಬಯಕೆಗೆ ಅಧೀನವಲ್ಲದ ವಾಸ್ತವ, ಅದನ್ನು ಅರಿಯುವ ಸಾಧನ ವಿಚಾರಶಕ್ತಿಯೊಂದೇ, ಪ್ರತಿಯೊಬ್ಬನ ಬದುಕೂ ಅವನಿಗೇ ಸೇರಿದ್ದು, ಆದ್ದರಿಂದ ಸರ್ಕಾರದ ಕೈವಾಡವಿಲ್ಲದ ಬಂಡವಾಳಶಾಹಿಯೇ ನ್ಯಾಯವಾದ ವ್ಯವಸ್ಥೆ ಎಂಬುದು ಅದರ ಸಾರ. ರ‍್ಯಾಂಡ್ ಎತ್ತಿಹಿಡಿದ ಸ್ವಹಿತವು ಪರರನ್ನು ದೋಚುವ ಪರವಾನಗಿಯಲ್ಲ. ತನ್ನನ್ನು ಇತರರಿಗಾಗಿ ಬಲಿಕೊಡಬಾರದೆನ್ನುವಷ್ಟೇ ಖಚಿತವಾಗಿ, ಇತರರನ್ನು ತನಗಾಗಿ ಬಲಿಕೊಡಬಾರದೆಂದೂ ಅದು ವಿಧಿಸುತ್ತದೆ.

ಹೊಸ ಓದುಗರು ಮೊದಲು ಗಮನಿಸಬೇಕಾದದ್ದು ಈ ಕೃತಿಗಳ ಶೈಲಿಯನ್ನು. ರ‍್ಯಾಂಡ್ ತಮ್ಮ ಮಾರ್ಗವನ್ನು ರಮ್ಯ ವಾಸ್ತವವಾದವೆಂದು ಕರೆದುಕೊಂಡರು. ವಿಕ್ಟರ್ ಹ್ಯೂಗೋನನ್ನು ಆರಾಧಿಸಿದ ಅವರು, ಮನುಷ್ಯನನ್ನು ಪರಿಸರದ ಕೂಸಾಗಿ ಚಿತ್ರಿಸುವ ನಿಸರ್ಗವಾದವನ್ನು ತಿರಸ್ಕರಿಸಿ, ಆಯ್ಕೆ ಮಾಡಬಲ್ಲ ಚೇತನವಾಗಿ ಅವನನ್ನು ಕಡೆಯಲೆತ್ನಿಸಿದರು. ಆದ್ದರಿಂದ ಅವರ ಪಾತ್ರಗಳಲ್ಲಿ ನೆರೆಹೊರೆಯವರ ಸಹಜತೆಯನ್ನು ಹುಡುಕುವುದಕ್ಕಿಂತ, ಒಂದು ಮೌಲ್ಯವನ್ನು ಅದರ ಕೊನೆಯ ಪರಿಣಾಮದವರೆಗೂ ಕೊಂಡೊಯ್ಯುವ ಧೈರ್ಯ ಕಥೆಯಲ್ಲಿದೆಯೇ ಎಂದು ನೋಡುವುದು ಯುಕ್ತ.

ಓದನ್ನು 1938ರ ‘ಆಂಥೆಮ್’ ಎಂಬ ಕಿರುಕೃತಿಯಿಂದ ಆರಂಭಿಸಿ, ಸೋವಿಯತ್ ರಷ್ಯಾದಲ್ಲಿ ನಲುಗುವ ಮೂರು ಜೀವಗಳ ಕಥೆಯಾದ ‘ವಿ ದ ಲಿವಿಂಗ್’ (1936) ಕಾದಂಬರಿಗೆ ಸಾಗಬಹುದು. ಆದರೆ ಈ ಕಲೆಯ ಶಕ್ತಿ ತುಂಬಿ ಕಾಣುವುದು 1943ರ ‘ದ ಫೌಂಟನ್‌ಹೆಡ್’ನಲ್ಲಿ. ಅದರ ನಾಲ್ಕು ಭಾಗಗಳಿಗೆ ನಾಲ್ಕು ಪಾತ್ರಗಳ ಹೆಸರಿದ್ದು, ಆ ಕ್ರಮವೇ ಒಂದು ನೈತಿಕ ಶ್ರೇಣಿಯಾಗಿದೆ: ಪರರ ಮೆಚ್ಚುಗೆಯಲ್ಲೇ ಬದುಕುವ ಪೀಟರ್ ಕೀಟಿಂಗ್, ಪರಹಿತದ ಮಾತಿನಿಂದ ಮನಸ್ಸುಗಳನ್ನು ಆಳುವ ಎಲ್ಸ್‌ವರ್ತ್ ಟೂಹಿ, ಜನಾಭಿರುಚಿಯನ್ನು ತಣಿಸಿ ಅಧಿಕಾರ ಗಳಿಸಿದ ಪತ್ರಿಕಾದೊರೆ ಗೇಲ್ ವೈನಂಡ್, ಕೊನೆಗೆ ತನ್ನ ಕೆಲಸದ ಸತ್ಯವನ್ನಷ್ಟೇ ನೆಚ್ಚಿದ ವಾಸ್ತುಶಿಲ್ಪಿ ಹೊವಾರ್ಡ್ ರೋರ್ಕ್. ತನ್ನ ವಿನ್ಯಾಸವನ್ನು ಕೆಡಿಸಿ ಕಟ್ಟಿದ ವಸತಿ ಸಮುಚ್ಚಯವನ್ನು ರೋರ್ಕ್ ಸಿಡಿಸುತ್ತಾನೆ. ಅವನನ್ನು ಬೆಂಬಲಿಸಲು ಹೊರಟ ವೈನಂಡ್, ತಾನು ಆಳುತ್ತಿರುವೆನೆಂದುಕೊಂಡಿದ್ದ ಗುಂಪೇ ತನ್ನನ್ನು ಆಳುತ್ತಿತ್ತೆಂದು ಅರಿತು ಕುಸಿಯುತ್ತಾನೆ. ಈ ಪತನವನ್ನು ಕಾದಂಬರಿಯ ಹೃದಯವೆಂದು ಓದಬೇಕು, ಏಕೆಂದರೆ ಇಲ್ಲಿ ತತ್ತ್ವವು ಭಾಷಣದ ಹಂಗಿಲ್ಲದೆ ಒಬ್ಬ ಮನುಷ್ಯನ ದುರಂತವಾಗಿ ಅರಳಿದೆ. ಸೋತು, ಕಾಯಿಲೆಬಿದ್ದ ಗುರು ಹೆನ್ರಿ ಕ್ಯಾಮರೂನ್‌ನ ಕಡೆಗೆ ರೋರ್ಕ್ ತೋರುವ ನಿಷ್ಠೆಯನ್ನೂ ಗಮನಿಸಿದರೆ, ವ್ಯಕ್ತಿವಾದವೆಂದರೆ ಒಣಹೃದಯವೆಂಬ ಪೂರ್ವಗ್ರಹ ಸಡಿಲವಾಗುತ್ತದೆ.

1957ರ ‘ಅಟ್ಲಾಸ್ ಶ್ರಗ್ಡ್’ನಲ್ಲಿ ಸೃಷ್ಟಿಶೀಲ ಮನಸ್ಸುಗಳೇ ಮುಷ್ಕರ ಹೂಡುತ್ತವೆ, ಅದರ ಮೂರು ಭಾಗಗಳ ಹೆಸರುಗಳು ಅರಿಸ್ಟಾಟಲ್‌ನ ತರ್ಕನಿಯಮಗಳನ್ನು ಆಧರಿಸಿವೆ. ಹೊಸ ಲೋಹದ ಹಳಿಗಳ ಮೇಲೆ ರೈಲ್ವೆ ಕಂಪನಿಯ ಮುಖ್ಯಸ್ಥರಲ್ಲೊಬ್ಬಳಾದ ನಾಯಕಿ ಡ್ಯಾಗ್ನಿ ಟ್ಯಾಗರ್ಟ್ ಮೊದಲ ರೈಲು ಓಡಿಸುವ ಅಧ್ಯಾಯ ದುಡಿಮೆಯ ಆನಂದವನ್ನು ಕಾವ್ಯದ ಮಟ್ಟಕ್ಕೇರಿಸಿದೆ. ಇದಕ್ಕೆ ವ್ಯತಿರಿಕ್ತವಾಗಿ, ಹತ್ತಾರು ಪುಟಗಳಷ್ಟು ಬೆಳೆಯುವ, ಮುಷ್ಕರದ ನಾಯಕ ಜಾನ್ ಗಾಲ್ಟ್‌ನ ರೇಡಿಯೊ ಭಾಷಣದಲ್ಲಿ ಕಥೆ ನಿಂತು ಪ್ರಬಂಧ ಶುರುವಾಗುತ್ತದೆ. ಮೊದಲ ಓದಿನಲ್ಲಿ ಅದನ್ನು ಬದಿಗಿಟ್ಟು, ತತ್ತ್ವವನ್ನು ಪರಿಶೀಲಿಸುವಾಗ ಮರಳಿ ಬರುವುದು ಒಳಿತು.

ಈ ಕೃತಿಗಳ ಸುತ್ತ ಬೆಳೆದ ಸಾಹಿತ್ಯವಿಲ್ಲದೆ ರಸಗ್ರಹಣ ಪೂರ್ಣವಾಗದು. ರ‍್ಯಾಂಡ್ ಅವರದೇ ‘ದ ರೊಮ್ಯಾಂಟಿಕ್ ಮ್ಯಾನಿಫೆಸ್ಟೊ’ (1969) ಕಲಾಮೀಮಾಂಸೆಯನ್ನೂ, ‘ದ ವರ್ಚ್ಯು ಆಫ್ ಸೆಲ್ಫಿಶ್‌ನೆಸ್’ (1964) ನೀತಿಶಾಸ್ತ್ರವನ್ನೂ ವಿವರಿಸುತ್ತವೆ. ಎಡಪಂಥೀಯರಷ್ಟೇ ಅವರನ್ನು ಟೀಕಿಸಿದರೆಂದು ತಿಳಿಯುವುದು ತಪ್ಪು: ಸಂಪ್ರದಾಯವಾದಿ ವಿಟ್ಟೇಕರ್ ಚೇಂಬರ್ಸ್ 1957ರಲ್ಲೇ ‘ನ್ಯಾಷನಲ್ ರಿವ್ಯೂ’ ಪತ್ರಿಕೆಯಲ್ಲಿ ‘ಅಟ್ಲಾಸ್ ಶ್ರಗ್ಡ್’ ಬಗ್ಗೆ ಕಟುವಾದ ವಿಮರ್ಶೆ ಬರೆದರು, ವ್ಯಕ್ತಿಸ್ವಾತಂತ್ರ್ಯದ ಪ್ರಬಲ ಸಮರ್ಥಕ ರಾಬರ್ಟ್ ನೋಜಿಕ್ 1971ರ ಲೇಖನದಲ್ಲಿ ರ‍್ಯಾಂಡ್ ಅವರ ನೀತಿವಾದದ ತಾರ್ಕಿಕ ಬಿರುಕುಗಳನ್ನು ತೋರಿಸಿದರು. 2009ರಲ್ಲಿ ಬಂದ ಜೆನಿಫರ್ ಬರ್ನ್ಸ್ ಅವರ ಜೀವನಚರಿತ್ರೆ, ಭಕ್ತಿ ಮತ್ತು ದ್ವೇಷ ಎರಡರಿಂದಲೂ ದೂರನಿಂತು ರ‍್ಯಾಂಡ್ ಅವರನ್ನು ಅಮೆರಿಕದ ರಾಜಕೀಯ ಚರಿತ್ರೆಯೊಳಗೆ ಇರಿಸುತ್ತದೆ.

ಮಕ್ಕಳು, ರೋಗಿಗಳು ಹಾಗೂ ವೃದ್ಧರ ಅವಲಂಬನೆಯ ಪ್ರಶ್ನೆಗೆ ಈ ಕಥನಲೋಕ ತಕ್ಕ ಸ್ಥಾನ ಕೊಡಲಿಲ್ಲವೆಂಬುದು ಅದರ ನಿಜವಾದ ಮಿತಿ. ತನ್ನ ಕೆಲಸವನ್ನು ಪ್ರೀತಿಸುವ ಮನುಷ್ಯನಿಗೆ ಅದು ಸಲ್ಲಿಸಿದ ಗೌರವವೂ ಅಷ್ಟೇ ನಿಜ. ತಲೆಬಾಗದ ವಿವೇಚನೆಯನ್ನು ಬೋಧಿಸಿದ ಲೇಖಕಿಯನ್ನು ಓದುಗರು ಅದೇ ವಿವೇಚನೆಯಿಂದ ಓದಬೇಕು, ಒಪ್ಪಿದ್ದನ್ನೂ ಒಪ್ಪದ್ದನ್ನೂ ಕಾರಣಸಹಿತ ಹೇಳಬಲ್ಲವರಾಗಬೇಕು.