ಪೋಲಿಂಗ್‌ಗೆ ಸಲ್ಲಬೇಕಾದ ಮರ್ಯಾದೆ

ಕೋಡ್ ರೆಪಾಸಿಟರಿಯನ್ನು ಸಿಐ ಸರ್ವರ್‌ಗೆ ಜೋಡಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಕೋಡ್ ಪುಶ್ ಆದ ಕೂಡಲೇ ರೆಪಾಸಿಟರಿಯೇ ಸರ್ವರ್‌ಗೆ ಸುದ್ದಿ ಮುಟ್ಟಿಸಿದರೆ ಅದು ವೆಬ್‌ಹುಕ್. ಹೊಸದೇನಾದರೂ ಬಂದಿದೆಯೇ ಎಂದು ಸರ್ವರ್ ತಾನೇ ಆಗಾಗ ಹೋಗಿ ವಿಚಾರಿಸಿದರೆ ಅದು ಪೋಲಿಂಗ್. ಮೊದಲನೆಯದಕ್ಕೆ ಸಿಕ್ಕಿರುವ ಹೊಗಳಿಕೆ ಅತಿಯಾಯಿತು. ಎರಡನೆಯದಕ್ಕೆ ಅಂಟಿಸಿದ ‘ಹಳೇ ಪದ್ಧತಿ’ ಎಂಬ ಹಣೆಪಟ್ಟಿ, ಅದರಲ್ಲೂ ಉಡುಪಿ ಜಿಲ್ಲೆಯ ಮಟ್ಟಿಗೆ, ಶುದ್ಧ ಅನ್ಯಾಯ.

ಹಿನ್ನೆಲೆ ಬಲ್ಲವರಿಗೆ ಗೊತ್ತಿರುವುದೇ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ 2004ರಲ್ಲಿ ಶುರುಮಾಡಿದ ಹಡ್ಸನ್ ಎಂಬ ಸಿಐ ಸರ್ವರ್ 2011ರಲ್ಲಿ ಜೆಂಕಿನ್ಸ್ ಆಯಿತು. ಅದೇ ವರ್ಷದ ಕೊನೆಗೆ ಅವರು ‘ಪೋಲಿಂಗ್ ಸಾಯಲೇಬೇಕು’ ಎಂಬರ್ಥದ ತಲೆಬರಹ ಕೊಟ್ಟು ಒಂದು ಲೇಖನ ಬರೆದರು. ಪಾಠ ಮಾಡುವವರು, ಕೈಪಿಡಿ ಬರೆಯುವವರು ತಲೆಬರಹವನ್ನು ಗಟ್ಟಿಯಾಗಿ ಹಿಡಿದುಕೊಂಡರು, ಒಳಗಿನದನ್ನು ಕೈಬಿಟ್ಟರು.

ಒಳಗೆ ಹೇಳಿದ ವಿಧಾನವನ್ನು ನಿಧಾನವಾಗಿ ನೋಡಬೇಕು. ಗಿಟ್ ರೆಪಾಸಿಟರಿಯ ಹುಕ್, ಜೆಂಕಿನ್ಸ್‌ನ ನೋಟಿಫೈಕಮಿಟ್ ಎಂಬ ವಿಳಾಸಕ್ಕೆ ರೆಪಾಸಿಟರಿಯ ಯುಆರ್‌ಎಲ್ ಕಳಿಸುತ್ತದೆ. ಬರೀ ಯುಆರ್‌ಎಲ್ ಬಂದ ಮಾತ್ರಕ್ಕೆ ಬಿಲ್ಡ್ ಶುರುವಾಗುವುದಿಲ್ಲ. ಆ ರೆಪಾಸಿಟರಿಯನ್ನು ಬಳಸುವ, ಪೋಲಿಂಗ್‌ಗೆ ಟಿಕ್ ಹಾಕಿರುವ ಜಾಬ್‌ಗಳನ್ನು ಜೆಂಕಿನ್ಸ್ ಹುಡುಕುತ್ತದೆ. ಅವುಗಳಿಂದ ಆಗಿಂದಾಗಲೇ ಪೋಲಿಂಗ್ ಮಾಡಿಸುತ್ತದೆ. ಬದಲಾವಣೆ ಕಂಡರಷ್ಟೇ ಬಿಲ್ಡ್. ಟಿಕ್ ಇಲ್ಲದ ಜಾಬ್ ಹುಕ್ ಬಂದರೂ ಅಲುಗಾಡದು. ಗಿಟ್‌ಹಬ್ ಪ್ಲಗಿನ್ನಿನ ಚೆಕ್‌ಬಾಕ್ಸ್ ಇನ್ನೂ ಪ್ರಾಮಾಣಿಕ: ‘ಗಿಟ್‌ಹಬ್ ಹುಕ್ ಟ್ರಿಗರ್ ಫಾರ್ ಗಿಟ್‌ಎಸ್‌ಸಿಎಂ ಪೋಲಿಂಗ್’ ಎಂದು ಹೆಸರಲ್ಲೇ ಒಪ್ಪಿಕೊಂಡಿದೆ. ಹುಕ್ ಬಂದ ಮೇಲೆ ಕಳಚಿದ್ದು ವೇಳಾಪಟ್ಟಿಯ ಗಡಿಯಾರವೊಂದೇ, ಕೆಲಸ ಮಾಡುತ್ತಿರುವುದು ಈಗಲೂ ಪೋಲಿಂಗೇ. ಸತ್ತನೆಂದು ಸಾರಿದವನ ಹೆಗಲ ಮೇಲೆಯೇ ಕೂತು ಮೆರವಣಿಗೆ ಹೊರಟ ಹಾಗಾಯಿತು ಹುಕ್‌ನ ಕಥೆ.

ಆ ಗಡಿಯಾರವನ್ನು ಕಳಚಬಹುದೇ ಎಂಬುದಕ್ಕೆ ಉತ್ತರ ಊರಿನ ಮೇಲೆ ನಿಂತಿದೆ. ಹುಕ್ ಎಂದರೆ ಬೆಳಗ್ಗೆ ಗೇಟಿನ ಮುಂದೆ ಹಾರ್ನ್ ಹೊಡೆಯುವ ಮೀನಿನ ಗಾಡಿ. ಮನೆಯಲ್ಲಿ ಯಾರಿಗೂ ಕೇಳಿಸದಿದ್ದರೆ ಗಾಡಿ ಮುಂದಕ್ಕೆ ಹೋಗುತ್ತದೆ. ಗಿಟ್‌ಹಬ್ 10 ಸೆಕೆಂಡು ಉತ್ತರಕ್ಕೆ ಕಾಯುತ್ತದೆ. ಬಾರದಿದ್ದರೆ ಆ ಹುಕ್ ವಿಫಲ, ತಾನಾಗಿ ಮತ್ತೊಮ್ಮೆ ಕಳಿಸುವುದಿಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಾರ್ಕಳದ ಕಡೆ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಯಿತು, ಯುಪಿಎಸ್ ಅರ್ಧ ತಾಸಿಗೆ ಸುಸ್ತಾಯಿತು, ಆ ಹೊತ್ತಿಗೆ ಕಾಪುವಿನಿಂದ ಯಾರೋ ಪುಶ್ ಮಾಡಿದರು ಎಂದಿಟ್ಟುಕೊಳ್ಳಿ. ಹುಕ್ ಒಂದನ್ನೇ ನಂಬಿದ ಸರ್ವರ್‌ಗೆ, ಕರೆಂಟ್ ಬಂದು ಎದ್ದು ಕೂತ ಮೇಲೂ, ಆ ಪುಶ್‌ನ ಸುದ್ದಿ ಇಲ್ಲ. ಇನ್ನೊಂದು ಪುಶ್ ಆಗುವವರೆಗೆ ಎಲ್ಲವೂ ಹಸಿರಾಗಿಯೇ ಕಾಣುತ್ತದೆ. ಪೋಲಿಂಗ್ ಇದ್ದರೆ, ಎದ್ದ ಸರ್ವರ್ ತನ್ನ ಸರದಿಯಲ್ಲಿ ಹೋಗಿ, ಕೊನೆಯ ಬಿಲ್ಡನ್ನು ಈಗಿನ ಕಮಿಟ್‌ಗೆ ಹೋಲಿಸಿ, ಬಾಕಿಯನ್ನು ಹಿಡಿಯುತ್ತದೆ. ಮೀನು ಬೇಕಾದವರು ಮಲ್ಪೆ ಬಂದರಿಗೇ ಹೋದಂತೆ.

ವಿಳಾಸದ ತೊಡಕು ಬೇರೆ. ಮಣಿಪಾಲದ ಕಾಲೇಜು ಲ್ಯಾಬಿನಲ್ಲೋ ಉಡುಪಿಯ ಸಣ್ಣ ಆಫೀಸಿನಲ್ಲೋ ರೂಟರಿನ ಹಿಂದೆ 192.168ರಿಂದ ಶುರುವಾಗುವ ವಿಳಾಸದಲ್ಲಿರುವ ಯಂತ್ರಕ್ಕೆ ಹೊರಗಿನ ಹುಕ್ ತಲುಪದು. ತಲುಪಿಸಲು ಪೋರ್ಟ್ ತೆರೆಯಬೇಕು, ಇಲ್ಲವೇ ಟನಲ್ ಹಾಕಬೇಕು. ತೆರೆದ ಮೇಲೆ ಸೀಕ್ರೆಟ್ ಇಟ್ಟು ಬಂದವರ ಸಹಿ ಪರೀಕ್ಷಿಸಬೇಕು. ಇಷ್ಟೆಲ್ಲ ಆದರೂ ವಿಳಾಸದ ತುದಿಯಲ್ಲಿ ‘ಗಿಟ್‌ಹಬ್-ವೆಬ್‌ಹುಕ್’ ಆದ ಮೇಲಿನ ಓರೆಗೆರೆ ಬಿಟ್ಟುಹೋದರೆ ಸುದ್ದಿ ಮುಟ್ಟದು. ಪೋಲಿಂಗ್ ಒಳಗಿನಿಂದ ಹೊರಗೆ ಹೋಗುವುದರಿಂದ ಈ ರಗಳೆ ಒಂದೂ ಇಲ್ಲ.

ಪೋಲಿಂಗ್‌ನಿಂದ ರೆಪಾಸಿಟರಿಗೆ ಹೊರೆ ಎಂಬ ಆಕ್ಷೇಪ ಸಾವಿರಾರು ಜಾಬ್‌ಗಳ ಸಂಸ್ಥೆಗೆ ನಿಜ. ಸಣ್ಣ ತಂಡದಲ್ಲಿ ಸಾಮಾನ್ಯವಾಗಿ ಕೇಳುವುದು ಬ್ರ್ಯಾಂಚ್‌ನ ತುದಿ ಎಲ್ಲಿದೆ ಎಂದಷ್ಟೇ, ಕೋಡ್ ಇಳಿಸಿಕೊಳ್ಳುವುದಿಲ್ಲ. ವೇಳಾಪಟ್ಟಿಯಲ್ಲಿ ನಿಮಿಷದ ಜಾಗಕ್ಕೆ ‘ಎಚ್’ ಅಕ್ಷರ ಹಾಕಿದರೆ ಜಾಬ್‌ನ ಹೆಸರಿನ ಮೇಲೆ ನಿಮಿಷ ನಿಗದಿಯಾಗಿ, ಎಲ್ಲ ಜಾಬ್‌ಗಳೂ ಒಟ್ಟಿಗೆ ಮುಗಿಬೀಳುವುದು ತಪ್ಪುತ್ತದೆ. ಪೋಲಿಂಗ್‌ನಲ್ಲಿ ತಡವಾಗುತ್ತದೆ, ನಡುವಿನ ಮೂರ್ನಾಲ್ಕು ಪುಶ್‌ಗಳು ಒಂದೇ ಬಿಲ್ಡ್‌ಗೆ ಸೇರಿ ಬಿಲ್ಡ್ ಕೆಡಿಸಿದವರು ಯಾರೆಂದು ಹುಡುಕಬೇಕಾಗುತ್ತದೆ. ಇವು ಒಪ್ಪತಕ್ಕ ಕೊರತೆಗಳು.

ಹುಕ್ ವೇಗಕ್ಕೆ ಇರಲಿ. ಭರವಸೆಗೆ ಪೋಲಿಂಗ್ ಬೇಕು. ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕಾದರೆ ಈ ಕರಾವಳಿಯಲ್ಲಿ ಉಳಿಯಬೇಕಾದದ್ದು ಪೋಲಿಂಗೇ. ಹದಿನೈದು ನಿಮಿಷಕ್ಕೊಮ್ಮೆ ಕೇಳಿದರೂ ಒಂದು ಜಾಬ್‌ಗೆ ದಿನಕ್ಕೆ ಬೀಳುವುದು 96 ಪ್ರಶ್ನೆ.